ಹಾಫ್ ಕ್ಲಚ್

ಹೆಸರಘಟ್ಟದ ಆಚೆ, ನೀಲಗಿರಿ ಕಡಿದ ಎರಡೆಕರೆ ಬಯಲಲ್ಲಿ
ಹಳೆ ಟೈರು ಸಾಲಿಟ್ಟು ಮಾಡಿದ ಟ್ರ್ಯಾಕು.
ನನ್ನ ಕೆಲಸ ಟಿಕೆಟ್ಟು ಹರಿಯೋದು, ಹೆಲ್ಮೆಟ್ಟು ಒರೆಸೋದು,
ಚಿಲ್ಲರೆ ಇಲ್ಲ ಅಂದವರಿಗೆ ಸ್ಕ್ಯಾನರು ತೋರಿಸೋದು.
ಸಂಜೆ ಗಾಡಿಗಳನ್ನ ಶೆಡ್ಡಿಗೆ ಸೇರಿಸೋ ಹುಡುಗ
ಮೊನ್ನೆ ಹೇಳದೆ ಕೆಲಸ ಬಿಟ್ಟ.
"ಮೂರು ಆಟೋಮ್ಯಾಟಿಕ್ಕು, ಅವನ್ನ ನಾನು ನೋಡ್ಕೋತೀನಿ," ಅಂದ ದಸ್ತಗೀರ್,
"ಈ ಕೆಂಪಂದು ಗೇರಿಂದು. ಕಲ್ತ್ಕೊಳಿ ಅಕ್ಕ."

ನಲವತ್ತಾರಕ್ಕೆ. ಸೈಕಲ್ಲೂ ತುಳಿದವಳಲ್ಲ.
ವೇಲು ಸೊಂಟಕ್ಕೆ ಬಿಗಿದು ಹತ್ತಿ ಕೂತೆ.
ಎಮ್ಮೆ ಬೆನ್ನಿನಷ್ಟು ಅಗಲ.

"ಎಡಗೈಲಿ ಕ್ಲಚ್ಚು. ಎಡಗಾಲಲ್ಲಿ ಗೇರು.
ಬಲಗೈ ಹೆಬ್ಬೆಟ್ಟು ಒತ್ತಿದ್ರೆ ಎಕ್ಸಲೇಟ್ರು."
ನಗು ಬಂತು. ನಮ್ಮವ್ವ ಹೆಬ್ಬೆಟ್ಟು;
ರೇಷನ್ನಂಗಡಿಯಲ್ಲಿ ಅವಳ ನೀಲಿ ಬೆರಳು ನೋಡಿ ನಾಚಿಕೊಂಡು
ಹಟಕ್ಕೆ ಸಹಿ ಕಲಿತವಳು ನಾನು.
ಈಗ ಮುಂದೆ ಹೋಗೋಕೆ ಅದೇ ಬೇಕಂತೆ.

ಹಿಡಿದೆ. ಗೇರು ಕೆಳಕ್ಕೆ ತುಳಿದೆ. ಬಿಟ್ಟೆ.
ಗಾಡಿ ಒಮ್ಮೆ ಬಿಕ್ಕಿ ಸತ್ತಿತು.
ಮತ್ತೆ. ಸತ್ತಿತು.
ಮೂರನೇ ಸಲ ನಾನು ಮುಂದೆ, ಕತ್ತು ಹಿಂದೆ,
ಟೈರಿನ ಸಾಲಿಗೆ ಮೂತಿ ಇಟ್ಟು ನಿಂತಿತು.
"ನಾಲ್ಕು ಚಕ್ರ ಇದೆ, ಬೀಳಲ್ಲ ಅಂದ್ಯಲ್ಲೋ?"
"ಬೀಳಲ್ಲ ಅಕ್ಕ. ಎಸೀತದೆ."

ಹತ್ತೊಂಬತ್ತರ ಹುಡುಗ, ಎಪ್ಪತ್ತರ ತಾಳ್ಮೆ.
"ನೀವು ಹಿಡಿದಿರೋವರೆಗೂ ಎಂಜಿನ್ನು ಚಕ್ರನ ಬಿಟ್ಟಿರ್ತದೆ.
ನೀವು ಬಿಟ್ರೆ ಅದು ಹಿಡ್ಕೋತದೆ.
ದಬಕ್ಕನೆ ಬಿಡ್ತೀರ, ಗಬಕ್ಕನೆ ಹಿಡೀತದೆ.
ನಡುವೆ ಒಂದು ಜಾಗ ಇದೆ. ಹಾಫು. ಅಲ್ಲಿ ನಿಲ್ಲಿಸ್ಬೇಕು."
"ಎಲ್ಲಿದೆ ತೋರ್ಸು."
"ತೋರ್ಸಕ್ಕಾಗಲ್ಲ. ಸಿಕ್ಕಿದ್ರೆ ಗೊತ್ತಾಗ್ತದೆ."

ಆಗ ನೆನಪಾಯಿತು, ತಲೆಗಲ್ಲ,
ಬಲಗಾಲಿಗೆ.
ಪೀಣ್ಯದಲ್ಲಿ ಹದಿನಾಲ್ಕು ವರ್ಷ, ಎರಡನೇ ಲೈನು, ಕಾಲರ್ ಸೆಕ್ಷನ್ನು.
ಮೇಜಿನ ಕೆಳಗೆ ಕ್ಲಚ್ ಮೋಟರು,
ಹೊಲಿದರೂ ಹೊಲಿಯದಿದ್ದರೂ ಸುತ್ತುತ್ತಲೇ ಇರುವುದು.
ಪೆಡಲು ಪೂರಾ ತುಳಿದರೆ ಸೂಜಿಗೆ ಹುಚ್ಚು ಓಟ;
ಜಯಶೀಲಳ ಉಗುರು ತೂರಿದ್ದು ಹಾಗೆ,
ರಕ್ತ ತಾಗಿದ ಪೀಸು ಎತ್ತಿಟ್ಟರು ಮೊದಲು.
ಕಾಲರಿನ ತುದಿಗೆ ಬಂದಾಗ ಮಾತ್ರ
ಕಾಲ್ಬೆರಳ ಬುಡದಲ್ಲಿ ಅಕ್ಕಿಕಾಳಿನಷ್ಟು ಒತ್ತು,
ಮೋಟರು ಹಿಡಿದೂ ಹಿಡಿಯದ ಹಾಗೆ,
ಒಂದು ಹೊಲಿಗೆ. ಇನ್ನೊಂದು. ನಿಲ್ಲು. ತಿರುಗಿಸು.
ಮೂಲೆ ಚೂಪಾಗಿ ಬಂದರೆ ಯಾರೂ ಏನೂ ಅನ್ನುತ್ತಿರಲಿಲ್ಲ.
ಅದೇ ಹೊಗಳಿಕೆ.

ಆಮೇಲೆ ಹೊಸ ಮೋಟರು ಬಂದವು. ಸದ್ದಿಲ್ಲ.
ವೇಗ ನಂಬರಿನಲ್ಲಿ, ಸೂಪರ್‌ವೈಸರು ಗುಂಡಿ ಒತ್ತಿ ಇಟ್ಟಷ್ಟು.
ಹೊಸ ಹುಡುಗಿಯರು ಮೂರೇ ದಿನಕ್ಕೆ ಮೂಲೆ ತಿರುಗಿಸಿದರು.
ಕರೆಂಟು ಉಳೀತು ಅಂದರು. ಉಳಿದಿರಬಹುದು.
ಮುಂದಿನ ಯುಗಾದಿಗೆ ನಮ್ಮ ಲೈನೇ ಉಳಿಯಲಿಲ್ಲ.

ಕಾಲಿಗೆ ಗೊತ್ತಿದ್ದನ್ನು ಕೈಗೆ ಹೇಳಿಕೊಡುವುದು ಹೇಗೆ?
ಕಣ್ಣು ಮುಚ್ಚಿದೆ.
"ಅಕ್ಕಾ, ಕಣ್ಣು!"
ತೆರೆದೆ. ಲಿವರು ಸಡಿಲಿಸಿದೆ,
ಬಾಬಿನ್ನಿನಿಂದ ದಾರ ಎಳೆಯುವಷ್ಟು, ಇಷ್ಟಿಷ್ಟೇ.
ಎಂಜಿನ್ನಿನ ದನಿ ತುಸು ತಗ್ಗಿತು,
ಕೊಡ ತುಂಬುತ್ತಾ ಬಂದಾಗ ನೀರಿನ ಸದ್ದು ಬದಲಾಗುತ್ತದಲ್ಲ, ಹಾಗೆ.
ಸೀಟಿನಡಿ ಏನೋ ಮೈ ಬಿಗಿಹಿಡಿಯಿತು.
ಅಲ್ಲೇ ನಿಲ್ಲಿಸಿದೆ.
ಹೋಗದೆ, ನಿಂತೂ ಇರದೆ.
ಮೇಲೆ ಜಕ್ಕೂರಿನ ಪುಟ್ಟ ವಿಮಾನ ಸುತ್ತು ಹೊಡೆಯುತ್ತಿತ್ತು,
ಅಲ್ಲೂ ಯಾರೋ ಕಲಿಯುತ್ತಿರಬೇಕು.
ಹೆಬ್ಬೆಟ್ಟು ಒತ್ತಿದೆ.

ಹೊರಟಿತು. ಜಗ್ಗಲಿಲ್ಲ.
ಮುಂಚಕ್ರಕ್ಕೆ ಕೆಮ್ಮಣ್ಣಿನ ಹೆಂಟೆ ಸಿಕ್ಕಿ ಪುಡಿಯಾಯಿತು,
ಹ್ಯಾಂಡಲು ಒದರಿ ಮೊಣಕೈವರೆಗೂ ಜುಂ.
ದಸ್ತಗೀರ್ ಪಕ್ಕದಲ್ಲಿ ಚಪ್ಪಲಿ ಬಿಟ್ಟು ಓಡಿಬರುತ್ತಿದ್ದ,
"ಎರಡನೇದು ಹಾಕಿ, ಎರಡನೇದು!"
ಹಾಕಲಿಲ್ಲ.
ತಿರುವು ಬರುತ್ತಿತ್ತು, ಚೂಪು ತಿರುವು.
ಹಿಡಿದು, ತುಸು ಬಿಟ್ಟು, ಹಿಡಿದು,
ಒಂದೊಂದೇ ಹೊಲಿಗೆಯಂತೆ ದಾಟಿಸಿದೆ.
ಹುಡುಗ ಏನೂ ಅನ್ನಲಿಲ್ಲ.

ಶೆಡ್ಡಿನೊಳಗೆ ಹೋಗಿ ನಿಲ್ಲಿಸುವಾಗ ಮಾತ್ರ
ಕ್ಲಚ್ಚು ಮರೆತು ಬ್ರೇಕು ಹಿಡಿದೆ. ಮತ್ತೆ ಸತ್ತಿತು.
"ಇರಲಿ ಬಿಡಿ," ಅಂದ, ಏದುಸಿರು ಬಿಡುತ್ತಾ,
"ಒಳಗೇ ಸತ್ತಿದೆಯಲ್ಲ."